ಸೈಕಲ್ ಅಂಗಡಿಯ ಮರದ ಪೆಟ್ಟಿಗೆ

ಆ ಫೋಟೋ ನೀವೂ ನೋಡಿರುತ್ತೀರಿ. ಮರಳು, ಮರಳಿನ ಮೇಲೊಂದು ಹಳಿ. ಹಳಿಯ ತುದಿಯಲ್ಲಿ, ನೆಲದಿಂದ ಒಂದೆರಡು ಅಡಿ ಮೇಲೆ, ಒಂದರ ಮೇಲೊಂದು ರೆಕ್ಕೆ ಇರುವ ವಿಮಾನ. ಕೆಳರೆಕ್ಕೆಯ ಮೇಲೆ ಒಬ್ಬ ಬೋರಲು ಮಲಗಿದ್ದಾನೆ. ಬಲಗಡೆ ಇನ್ನೊಬ್ಬ, ಜೊತೆಗೇ ಓಡಿಬಂದು ಆಗಷ್ಟೇ ಕೈ ಬಿಟ್ಟವನ ಹಾಗೆ ನಿಂತಿದ್ದಾನೆ. 1903ರ ಡಿಸೆಂಬರ್ 17, ಬೆಳಿಗ್ಗೆ 10.35. ಮಲಗಿದವನು ಆರ್ವಿಲ್ ರೈಟ್, ನಿಂತವನು ಅಣ್ಣ ವಿಲ್ಬರ್. ಫೋಟೋ ತೆಗೆದದ್ದು ಜಾನ್ ಡೇನಿಯಲ್ಸ್, ಅಲ್ಲೇ ಹತ್ತಿರದ ಕಡಲತೀರದ ರಕ್ಷಣಾ ಠಾಣೆಯವನು. ಅವನು ಅದಕ್ಕೂ ಮೊದಲು ಕ್ಯಾಮೆರಾ ಮುಟ್ಟಿದವನೇ ಅಲ್ಲ. ಆರ್ವಿಲ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಹಳಿಯ ತುದಿಗೆ ಗುರಿ ಮಾಡಿ, ರಬ್ಬರ್ ಬಲ್ಬನ್ನು ಅವನ ಕೈಗೆ ಕೊಟ್ಟು ಹೋಗಿದ್ದ. ಅವನು ಸರಿಯಾದ ಹೊತ್ತಿಗೆ ಅಮುಕಿದ.

ಹಾರಿದ್ದು 12 ಸೆಕೆಂಡು, 120 ಅಡಿ. ಈಗ ನಾವು ಬೆಂಗಳೂರಿನಿಂದ ದೆಹಲಿಗೆ ಹೋಗುವ ಎ320 ವಿಮಾನದ ಉದ್ದವೇ ಅದಕ್ಕಿಂತ ಸ್ವಲ್ಪ ಜಾಸ್ತಿ.

ಶಾಲೆಯ ಪಾಠದಲ್ಲಿ ಇಷ್ಟೇ ಇರುತ್ತದೆ. ಇಬ್ಬರು ಅಣ್ಣತಮ್ಮಂದಿರು, ಸೈಕಲ್ ಅಂಗಡಿ, ಒಂದು ದಿನ ಹಾರಿಬಿಟ್ಟರು, ಮುಗೀತು. ನನಗೆ ಆ ದಿನಕ್ಕಿಂತ ಎರಡು ವರ್ಷ ಹಿಂದಿನ ಚಳಿಗಾಲದ ಮೇಲೆ ಪ್ರೀತಿ ಜಾಸ್ತಿ. ಆಗ ಯಾರೂ ಹಾರಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ಒಹಾಯೋದ ಡೇಟನ್ ಊರಿನ ಸೈಕಲ್ ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆಯ ಮುಂದೆ ಇಬ್ಬರು ನಿಂತು ಅಂಕಿ ಬರೆದುಕೊಳ್ಳುತ್ತಿದ್ದರು. ವಿಮಾನ ಹುಟ್ಟಿದ್ದು ಅಲ್ಲಿ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೈಟ್ ಸೋದರರಿಗಿಂತ ಮೊದಲು ಹಾರಲು ಹೊರಟವರು ಕಡಿಮೆ ಏನಿಲ್ಲ. ಇಂಗ್ಲೆಂಡಿನ ಜಾರ್ಜ್ ಕೇಲಿ 1799ರಲ್ಲೇ ಒಂದು ಬೆಳ್ಳಿ ಬಿಲ್ಲೆಯ ಮೇಲೆ ಅಲುಗಾಡದ ರೆಕ್ಕೆ, ಹಿಂದೆ ಬಾಲ ಇರುವ ವಿಮಾನ ಕೆತ್ತಿಸಿದ್ದ. ಅದರ ಹಿಂಭಾಗದಲ್ಲಿ ಗಾಳಿ ರೆಕ್ಕೆಯನ್ನು ಎತ್ತುವ ಬಲ ಮತ್ತು ಹಿಂದಕ್ಕೆ ಎಳೆಯುವ ಬಲ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದ. ಅಲ್ಲಿಯವರೆಗೆ ಬಹಳ ಜನ ಹಕ್ಕಿಯ ಹಾಗೆ ರೆಕ್ಕೆ ಬಡಿಯುವ ಯಂತ್ರದ ಕನಸಿನಲ್ಲೇ ಇದ್ದರು. ಎತ್ತುವ ಕೆಲಸ ರೆಕ್ಕೆಗೆ, ನೂಕುವ ಕೆಲಸ ಬೇರೆ ಯಂತ್ರಕ್ಕೆ, ಹೀಗೆ ಕೆಲಸ ಹಂಚಿದ್ದು ಕೇಲಿ. ಆಮೇಲೆ ಒಂದು ಶತಮಾನ ಕಾಲ ಎಲ್ಲರೂ ತಲೆ ಕೆಡಿಸಿಕೊಂಡದ್ದು ಆ ನೂಕುವ ಯಂತ್ರದ ಬಗ್ಗೆ. ಹಗುರವಾದ, ಬಲವಾದ ಎಂಜಿನ್ ಸಿಕ್ಕರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂತ.

ಹಾಗೆ ನಂಬಿದವರಲ್ಲಿ ದೊಡ್ಡ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್ಲಿ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ. 1896ರಲ್ಲಿ ಆತನ ಉಗಿ ಎಂಜಿನ್ನಿನ ಮಾದರಿ ವಿಮಾನ, ಒಳಗೆ ಯಾರೂ ಇಲ್ಲದೆ, ಪೊಟೊಮ್ಯಾಕ್ ನದಿಯ ಮೇಲೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹಾರಿತ್ತು. ಇದನ್ನು ನೋಡಿ ಅಮೆರಿಕದ ಸೇನೆ ಮನುಷ್ಯ ಕೂರುವ ವಿಮಾನ ಮಾಡಿ ಅಂತ 50,000 ಡಾಲರ್ ಕೊಟ್ಟಿತು. ಲ್ಯಾಂಗ್ಲಿಯ ಸಹಾಯಕ ಚಾರ್ಲ್ಸ್ ಮ್ಯಾನ್ಲಿ ಮಾಡಿದ ಎಂಜಿನ್ 52 ಅಶ್ವಶಕ್ತಿಯದ್ದು, ಆ ಕಾಲಕ್ಕೆ ಅದ್ಭುತ. ಆದರೆ ವಿಮಾನ ಓಡಿಸುವವನಿಗೆ, ಅವನೂ ಮ್ಯಾನ್ಲಿಯೇ, ಗಾಳಿಯಲ್ಲಿ ಇರುವುದು ಹೇಗೆ ಅಂತ ಯಾವ ಅಭ್ಯಾಸವೂ ಇರಲಿಲ್ಲ. 1903ರ ಅಕ್ಟೋಬರ್ 7ರಂದು ದೋಣಿಮನೆಯ ಮೇಲಿಂದ ಚಿಮ್ಮಿಸಿದರು, ಸೀದಾ ನೀರಿಗೆ. ಡಿಸೆಂಬರ್ 8ರಂದು ಮತ್ತೆ ಚಿಮ್ಮಿಸಿದರು, ಮತ್ತೆ ನೀರಿಗೆ. ಮ್ಯಾನ್ಲಿ ಎರಡು ಸಲವೂ ಬದುಕಿದ್ದು ಪುಣ್ಯ. ಮೊದಲನೆಯದು ಬಿದ್ದ ಎರಡು ದಿನಕ್ಕೆ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು, ಮನುಷ್ಯ ಹಾರುವುದಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಅಂತ ಲೆಕ್ಕ ಕೊಟ್ಟಿತು. ಬೇಕಾದದ್ದು ಹತ್ತು ವಾರ.

ಇನ್ನೊಂದು ದಾರಿ ಹಿಡಿದವನು ಜರ್ಮನಿಯ ಒಟ್ಟೋ ಲಿಲಿಯೆಂಥಾಲ್. ಎಂಜಿನ್ ಆಮೇಲೆ, ಮೊದಲು ಗಾಳಿಯಲ್ಲಿ ತೇಲುವುದನ್ನು ಕಲಿಯೋಣ ಅಂದ ಮನುಷ್ಯ. ಬರ್ಲಿನ್ ಹತ್ತಿರ 15 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿಕೊಂಡು, ವಿಲೋ ಕಡ್ಡಿ ಮತ್ತು ಬಟ್ಟೆಯ ರೆಕ್ಕೆಗೆ ತೋಳು ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿ ಹಾರುತ್ತಿದ್ದ. 1891ರಿಂದ 1896ರವರೆಗೆ ಸುಮಾರು 2,000 ಸಲ. ರೆಕ್ಕೆ ಒಂದು ಕಡೆ ವಾಲಿದರೆ ಕಾಲುಗಳನ್ನು ಇನ್ನೊಂದು ಕಡೆ ಬೀಸಿ ಸರಿ ಮಾಡಿಕೊಳ್ಳುವುದು, ಅಷ್ಟೇ ಅವನ ಕೈಲಿದ್ದ ಉಪಾಯ. 1896ರ ಆಗಸ್ಟ್ 9ರಂದು ಅದು ಸಾಕಾಗಲಿಲ್ಲ. ಬಿದ್ದ, ಮಾರನೇ ದಿನ ತೀರಿಕೊಂಡ.

ಆ ಸುದ್ದಿ ಡೇಟನ್‌ಗೆ ಬಂದಾಗ ಆರ್ವಿಲ್ ಟೈಫಾಯ್ಡ್ ಬಂದು ಮಲಗಿದ್ದ. ವಿಲ್ಬರ್‌ಗೆ ಹುಳ ಬಿಟ್ಟ ಹಾಗಾಯಿತು. 1899ರಲ್ಲಿ ಸ್ಮಿತ್ಸೋನಿಯನ್‌ಗೆ ಪತ್ರ ಬರೆದು, ಹಾರಾಟದ ಬಗ್ಗೆ ಅಚ್ಚಾದದ್ದು ಏನಿದೆಯೋ ಕಳಿಸಿ ಅಂತ ಕೇಳಿ ತರಿಸಿಕೊಂಡು ಓದಿದ. ಓದಿ ಆದ ಮೇಲೆ ಅವನು ಹಾಕಿದ ಒಂದು ಲೆಕ್ಕ ನನಗೆ ಬಹಳ ಇಷ್ಟ. ಲಿಲಿಯೆಂಥಾಲ್ ಐದು ವರ್ಷ ಹಾರಿದರೂ ಒಟ್ಟು ಗಾಳಿಯಲ್ಲಿ ಕಳೆದದ್ದು ಸುಮಾರು ಐದು ಗಂಟೆ. ಐದು ಗಂಟೆ ಸೈಕಲ್ ಕಲಿತವನು ಪೇಟೆಯ ಜನಜಂಗುಳಿಯಲ್ಲಿ ಸೈಕಲ್ ಓಡಿಸಿದರೆ ಏನಾದೀತು ಅಂತ ವಿಲ್ಬರ್ ಕೇಳಿದ. ಸೈಕಲ್ ಮಾರುವವನಿಗೇ ಬರಬಹುದಾದ ಪ್ರಶ್ನೆ ಇದು. ಸೈಕಲ್ ತಾನಾಗಿ ನಿಲ್ಲುವ ಗಾಡಿಯಲ್ಲ. ಮೇಲೆ ಕೂತವನು ಕ್ಷಣಕ್ಷಣವೂ ಸರಿ ಮಾಡಿಕೊಳ್ಳುತ್ತಾ ಹೋಗಬೇಕು, ತಿರುಗಬೇಕಾದರೆ ವಾಲಬೇಕು. ಉಳಿದವರು ಗಾಳಿಯಲ್ಲಿ ತಾನಾಗಿ ನೆಟ್ಟಗೆ ನಿಲ್ಲುವ ಹಡಗನ್ನು ಹುಡುಕುತ್ತಿದ್ದರೆ ಇವರಿಬ್ಬರು ವಾಲಲು ಬರುವ ಯಂತ್ರ ಹುಡುಕಿದರು.

ವಾಲಿಸುವುದು ಹೇಗೆ? 1899ರ ಜುಲೈನಲ್ಲಿ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುತ್ತಾ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯನ್ನು ಸುಮ್ನೆ ಕೈಯಲ್ಲಿ ತಿರುಚುತ್ತಿದ್ದ. ಎರಡೂ ತುದಿ ತೆರೆದಿದ್ದ ಉದ್ದನೆಯ ಡಬ್ಬಿ. ಒಂದು ತುದಿ ಕೆಳಗೆ ಬಾಗಿದಾಗ ಇನ್ನೊಂದು ತುದಿ ಮೇಲೆ ಬಾಗಿತು, ಆದರೂ ಡಬ್ಬಿ ಗಟ್ಟಿಯಾಗೇ ಇತ್ತು. ಮೇಲಿನ ಮುಖ ಒಂದು ರೆಕ್ಕೆ, ಕೆಳಗಿನ ಮುಖ ಇನ್ನೊಂದು ರೆಕ್ಕೆ ಅಂದುಕೊಳ್ಳಿ. ತಂತಿ ಎಳೆದು ಹೀಗೆ ತಿರುಚಿದರೆ ಒಂದು ಬದಿಯ ರೆಕ್ಕೆ ಗಾಳಿಗೆ ಹೆಚ್ಚು ಎದುರಾಗುತ್ತದೆ, ಇನ್ನೊಂದು ಬದಿಯದ್ದು ಕಡಿಮೆ. ವಿಮಾನ ವಾಲುತ್ತದೆ. ಕಾಲು ಬೀಸುವ ಕೆಲಸವೇ ಇಲ್ಲ.

1900ರಲ್ಲಿ ನಾರ್ತ್ ಕ್ಯಾರೊಲೈನಾದ ಕಿಟ್ಟಿ ಹಾಕ್‌ಗೆ ಹೋದರು. ಒಳ್ಳೆಯ ಗಾಳಿ, ಬಿದ್ದರೆ ಮೆತ್ತನೆಯ ಮರಳು, ನೋಡಿ ನಗುವುದಕ್ಕೆ ಜನ ಇಲ್ಲ. ಅಲ್ಲಿ ಅವರನ್ನು ಇಳಿಸಿಕೊಂಡದ್ದು ವಿಲಿಯಂ ಟೇಟ್ ಎಂಬಾತನ ಮನೆಯವರು. ಆ ವರ್ಷದ ಗ್ಲೈಡರನ್ನು, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನವನ್ನು, ಸೋದರರು ಅಲ್ಲೇ ಬಿಟ್ಟು ಬಂದರು. ಟೇಟ್‌ನ ಹೆಂಡತಿ ರೆಕ್ಕೆಯ ಸ್ಯಾಟೀನ್ ಬಟ್ಟೆ ಬಿಚ್ಚಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಫ್ರಾಕ್ ಹೊಲಿದುಕೊಟ್ಟಳು. ವಿಮಾನ ಚರಿತ್ರೆಯಲ್ಲಿ ಇಷ್ಟು ಒಳ್ಳೆಯ ಮರುಬಳಕೆ ಇನ್ನೊಂದಿಲ್ಲ!

1901ರ ಗ್ಲೈಡರ್ ದೊಡ್ಡದು, ಲಿಲಿಯೆಂಥಾಲ್‌ನ ಕೋಷ್ಟಕ, ಅಂದರೆ ಯಾವ ಕೋನದಲ್ಲಿ ರೆಕ್ಕೆ ಎಷ್ಟು ಎತ್ತುತ್ತದೆ ಅನ್ನುವ ಅಂಕಿಪಟ್ಟಿ, ನೋಡಿ ಲೆಕ್ಕ ಹಾಕಿ ಮಾಡಿದ್ದು. ಅದು ಲೆಕ್ಕದಲ್ಲಿ ಬಂದಿದ್ದರ ಸುಮಾರು ಮೂರನೇ ಒಂದು ಭಾಗ ಭಾರವನ್ನಷ್ಟೇ ಎತ್ತಿತು. ಸೋತು ಮನೆಗೆ ಹೊರಟಾಗ ವಿಲ್ಬರ್ ತಮ್ಮನಿಗೆ, ಇನ್ನು ಐವತ್ತು ವರ್ಷ ಮನುಷ್ಯ ಹಾರುವುದಿಲ್ಲ ಅಂದನಂತೆ. ಮುಂದೆ ತಾನೇ ಒಂದು ಭಾಷಣದಲ್ಲಿ ಇದನ್ನು ಹೇಳಿಕೊಂಡು, ಅವತ್ತಿನಿಂದ ಭವಿಷ್ಯ ಹೇಳುವುದನ್ನೇ ಬಿಟ್ಟೆ ಅಂದ.

ಇಲ್ಲಿಗೆ ಬಂತು ನನ್ನ ಮರದ ಪೆಟ್ಟಿಗೆ.

ದೊಡ್ಡವರ ಅಂಕಿ ತಪ್ಪಿರಬಹುದು ಅಂತ ಅನುಮಾನ ಬಂದಾಗ ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ನಮ್ಮದೇ ತಪ್ಪಿರಬೇಕು ಅಂತ ಸುಮ್ಮನಾಗುತ್ತೇವೆ, ಇಲ್ಲ ಅವರನ್ನು ಬೈದುಕೊಂಡು ತಿರುಗುತ್ತೇವೆ. ಇವರು ಅಳೆಯಲು ಕೂತರು. ಮೊದಲು ಸೈಕಲ್ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡ ಮಲಗಿಸಿ, ಅದರ ಅಂಚಿಗೆ ಒಂದು ಪುಟ್ಟ ಬಾಗಿದ ರೆಕ್ಕೆ, ಒಂದು ಚಪ್ಪಟೆ ತಗಡು ನಿಲ್ಲಿಸಿ, ಡೇಟನ್ ಬೀದಿಯಲ್ಲಿ ಜೋರಾಗಿ ತುಳಿದರು. ಕೋಷ್ಟಕ ಸರಿಯಿದ್ದರೆ ಎರಡೂ ಸಮ ತೂಗಬೇಕು, ಚಕ್ರ ತಿರುಗಬಾರದು. ಚಕ್ರ ತಿರುಗಿತು. ಆಮೇಲೆ ಪೆಟ್ಟಿಗೆ ಮಾಡಿದರು. 6 ಅಡಿ ಉದ್ದ, 16 ಇಂಚು ಚೌಕ, ಒಂದು ಕಡೆ ಫ್ಯಾನ್, ಮೇಲೆ ನೋಡಲು ಒಂದು ಗಾಜು. ಗಾಳಿಯ ವೇಗ ಗಂಟೆಗೆ ಸುಮಾರು 27 ಮೈಲಿ. ಇಂಥ ಪೆಟ್ಟಿಗೆಗೆ ಗಾಳಿಸುರಂಗ ಅಂತ ಹೆಸರು. ಅದು ಅವರೇ ಕಂಡುಹಿಡಿದದ್ದಲ್ಲ, ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ವೆನ್ಹಮ್ 1871ರಲ್ಲೇ ಮಾಡಿದ್ದ. ಇವರ ಚಮತ್ಕಾರ ಒಳಗಿದ್ದ ತಕ್ಕಡಿಯಲ್ಲಿತ್ತು. ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿ ಇವೇ ಅದರ ಸಾಮಾನು. ಪುಟ್ಟ ರೆಕ್ಕೆಯ ಎತ್ತುವ ಬಲವನ್ನು ಅದೇ ಗಾಳಿಗೆ ಎದುರಾಗಿ ನಿಂತ ಚಪ್ಪಟೆ ಪಟ್ಟಿಗಳು ತಡೆಯುವ ಬಲದ ಜೊತೆ ತೂಗಿ, ಮುಳ್ಳು ಎಷ್ಟು ಡಿಗ್ರಿ ಸರಿಯಿತು ಅಂತ ನೋಡಿದರೆ ಸಾಕು. ಎರಡಕ್ಕೂ ಬೀಸುವುದು ಒಂದೇ ಗಾಳಿ ತಾನೇ, ಹಾಗಾಗಿ ಗಾಳಿಯ ವೇಗ ಚೂರು ಹೆಚ್ಚುಕಮ್ಮಿ ಆದರೂ ಉತ್ತರ ಕೆಡುವುದಿಲ್ಲ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು ಅನ್ನಿಸಿತ್ತು.

ತಗಡು ಕತ್ತರಿಸಿ, ಸುತ್ತಿಗೆಯಲ್ಲಿ ಬಡಿದು, ಬೆಸುಗೆ ಹಾಕಿ, ಮೇಣ ಮೆತ್ತಿ ಇನ್ನೂರರ ಹತ್ತಿರ ರೆಕ್ಕೆಯ ಆಕಾರಗಳನ್ನು ನೋಡಿದರು. ಉದ್ದವಾದದ್ದು, ಗಿಡ್ಡದ್ದು, ಹೆಚ್ಚು ಬಾಗಿದ್ದು, ಕಡಿಮೆ ಬಾಗಿದ್ದು. ನಾಲ್ಕೈದು ಡಜನ್ ಆಕಾರಗಳನ್ನು ಕೋನ ಬದಲಿಸುತ್ತಾ ಸಾಲಾಗಿ ಅಳೆದರು. ಎಲ್ಲ ಎರಡು ತಿಂಗಳ ಒಳಗೆ, 1901ರ ಕ್ರಿಸ್ಮಸ್‌ಗೆ ಮುಂಚೆ. ಹೊರಬಿದ್ದ ಉತ್ತರ ತಮಾಷೆಯಾಗಿತ್ತು. ಪಾಪ, ಲಿಲಿಯೆಂಥಾಲ್‌ನ ಕೋಷ್ಟಕ ಅವನ ರೆಕ್ಕೆಗೆ ಸಾಕಷ್ಟು ಸರಿಯಾಗೇ ಇತ್ತು, ಇವರು ಬೇರೆ ಆಕಾರದ ರೆಕ್ಕೆಗೆ ಅದನ್ನು ಬಳಸಿದ್ದರು. ಜೊತೆಗೆ ತಪ್ಪಿದ್ದು ಗಾಳಿ ಎಷ್ಟು ಒತ್ತುತ್ತದೆ ಅನ್ನುವುದಕ್ಕೆ ಎಲ್ಲರೂ ಕಣ್ಣುಮುಚ್ಚಿ ಹಾಕುತ್ತಿದ್ದ ಒಂದು ಅಂಕಿ, ಜಾನ್ ಸ್ಮೀಟನ್ ಗಾಳಿಗಿರಣಿಗಳ ಬಗ್ಗೆ ಬರೆಯುವಾಗ ಕೊಟ್ಟ 0.005. ಅದು ಅಚ್ಚಾದದ್ದು 1759ರಲ್ಲಿ. ಇವರು ಕಂಡದ್ದು 0.0033. ಸುಮಾರು ನೂರನಲವತ್ತು ವರ್ಷ ಪುಸ್ತಕದಿಂದ ಪುಸ್ತಕಕ್ಕೆ ಆ ಅಂಕಿ ಹಾಗೇ ದಾಟಿಕೊಂಡು ಬಂದಿತ್ತು. ತಪ್ಪು ಅಂತ ಹೇಳಿದವರು ಇವರಿಗಿಂತ ಮೊದಲೂ ಇದ್ದರು, ಲ್ಯಾಂಗ್ಲಿಯೇ ಒಬ್ಬ.

ವಿಮಾನದ ಬಗ್ಗೆ ಕನ್ನಡದಲ್ಲಿ ಬರೆದರೆ ‘ವೈಮಾನಿಕ ಶಾಸ್ತ್ರದ ಬಗ್ಗೆ ಯಾಕೆ ಹೇಳಲಿಲ್ಲ’ ಅಂತ ಕೇಳುವವರು ಇದ್ದೇ ಇರುತ್ತಾರೆ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಆ ಸಂಸ್ಕೃತ ಗ್ರಂಥವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಓದಿ, ಅದರ ಚಿತ್ರ, ಅಳತೆ, ತೂಕ ಎಲ್ಲ ಲೆಕ್ಕ ಹಾಕಿ ನೋಡಿದರು. ಗ್ರಂಥ 20ನೇ ಶತಮಾನದ ಶುರುವಿನದ್ದು, ಅದರಲ್ಲಿರುವ ವಿಮಾನಗಳು ಹಾರುವಂಥವಲ್ಲ ಅಂತ ಅವರ ತೀರ್ಮಾನ. ನನಗೆ ಇಷ್ಟವಾಗುವುದು ಅವರು ನಗಲಿಲ್ಲ, ಅಳೆದರು ಅನ್ನುವುದು. ಪೆಟ್ಟಿಗೆಯ ಮುಂದೆ ನಿಂತ ಆ ಇಬ್ಬರ ಕೆಲಸವೂ ಇದೇ ಅಲ್ವಾ?

1902ರ ಗ್ಲೈಡರ್ ಪೂರ್ತಿ ತಮ್ಮದೇ ಅಂಕಿಗಳ ಮೇಲೆ ಮಾಡಿದ್ದು. 32 ಅಡಿ ಉದ್ದದ, ಮೊದಲಿಗಿಂತ ಸಪೂರ ರೆಕ್ಕೆ. ಲೆಕ್ಕ ಹೇಳಿದಷ್ಟೇ ಎತ್ತಿತು. ಆದರೆ ಹೊಸ ಪೀಡೆ ಒಂದು ಅಂಟಿಕೊಂಡಿತು. ಒಂದು ಬದಿಯ ರೆಕ್ಕೆಯನ್ನು ಹೆಚ್ಚು ಎತ್ತುವ ಹಾಗೆ ತಿರುಚಿದರೆ ಅದು ಗಾಳಿಯನ್ನು ತಡೆಯುವುದೂ ಹೆಚ್ಚು. ಹಾಗಾಗಿ ಮೂತಿ ಬೇಡದ ಕಡೆಗೆ ಎಳೆಯುತ್ತದೆ. ಅದಕ್ಕೆ ಅಂತ ಹಿಂದೆ ಅಲುಗದ ಬಾಲ ಹಾಕಿದ್ದರು. ಆಗ ಕೆಲವೊಮ್ಮೆ ಗ್ಲೈಡರ್ ಪಕ್ಕಕ್ಕೆ ಜಾರಿ, ಕೆಳಗಿದ್ದ ರೆಕ್ಕೆಯ ತುದಿ ಮರಳಿಗೆ ನೆಟ್ಟು ಗಿರ್ರನೆ ತಿರುಗತೊಡಗಿತು. ಬಾವಿ ತೋಡುವುದು ಅಂತ ಅದಕ್ಕೆ ತಾವೇ ಹೆಸರಿಟ್ಟಿದ್ದರು. ಒಂದು ರಾತ್ರಿ ಆರ್ವಿಲ್ ಕಾಫಿ ಜಾಸ್ತಿ ಕುಡಿದು ನಿದ್ದೆ ಬಾರದೆ ಮಲಗಿದ್ದಾಗ ಹೊಳೆಯಿತು: ಬಾಲ ತಿರುಗುವ ಹಾಗಿರಬೇಕು. ಬೆಳಿಗ್ಗೆ ಹೇಳಿದ. ವಿಲ್ಬರ್ ಸ್ವಲ್ಪ ಯೋಚಿಸಿ, ಹಾಗಾದರೆ ಅದರ ತಂತಿಯನ್ನು ರೆಕ್ಕೆ ತಿರುಚುವ ತಂತಿಗೇ ಜೋಡಿಸೋಣ ಅಂದ. ಮೂತಿ ಮೇಲೆ ಕೆಳಗೆ, ರೆಕ್ಕೆ ಈ ಕಡೆ ಆ ಕಡೆ, ಮೂತಿ ಎಡಕ್ಕೆ ಬಲಕ್ಕೆ, ಮೂರೂ ದಿಕ್ಕಿನ ಹಿಡಿತ ಕೈಗೆ ಬಂತು. ಆಮೇಲೆ ನೂರಾರು ಸಲ ಹಾರಿದರು. ಅವರ ಹೆಸರುವಾಸಿ ಪೇಟೆಂಟು ಇದಕ್ಕೇ ಸಿಕ್ಕಿದ್ದು. ಅದರ ಚಿತ್ರದಲ್ಲಿ ಎಂಜಿನ್ನೇ ಇಲ್ಲ.

ಎಂಜಿನ್ನಿನ ಕಥೆ ಚಿಕ್ಕದು. ಕಾರು ಕಂಪನಿಗಳನ್ನು ಕೇಳಿದರು, ಯಾರೂ ಬೇಕಾದ ತೂಕದಲ್ಲಿ ಕೊಡಲಿಲ್ಲ. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಲೇತು, ಡ್ರಿಲ್ಲು ಇಟ್ಟುಕೊಂಡು ಆರು ವಾರದಲ್ಲಿ ಮಾಡಿಕೊಟ್ಟ. ಅಲ್ಯೂಮಿನಿಯಂ ಎರಕದ ಮೈ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ ಇಲ್ಲ, 12 ಅಶ್ವಶಕ್ತಿ. ಲ್ಯಾಂಗ್ಲಿಯ ಎಂಜಿನ್ನಿನ ಕಾಲುಭಾಗವೂ ಇಲ್ಲ, ಆದರೆ ಇವರ ಕೋಷ್ಟಕದ ಪ್ರಕಾರ ಅಷ್ಟೇ ಸಾಕಿತ್ತು.

ಪ್ರೊಪೆಲರ್ ಹಾಗಲ್ಲ, ಅದು ಪೀಡಿಸಿತು. ಹಡಗಿನವರ ಹತ್ತಿರ ಇದಕ್ಕೆ ಲೆಕ್ಕ ಇದ್ದೇ ಇರುತ್ತದೆ ಅಂದುಕೊಂಡಿದ್ದರು. ಹುಡುಕಿದರೆ ಅವರೂ ಹಾಕಿ ನೋಡಿ ಸರಿ ಮಾಡಿಕೊಳ್ಳುವವರೇ. ಕೊನೆಗೆ, ಪ್ರೊಪೆಲರ್ ಅಂದರೆ ಸುತ್ತುತ್ತಾ ಹಾರುವ ರೆಕ್ಕೆ ಅಂತ ಹಿಡಿದರು. ಹಾಗಾದರೆ ಪೆಟ್ಟಿಗೆಯ ಅಂಕಿಗಳನ್ನೇ ಬಳಸಬಹುದು! ತಿಂಗಳುಗಟ್ಟಲೆ ಕೂಗಾಡಿಕೊಂಡರು. ವಾದ ಎಲ್ಲಿಯವರೆಗೆ ಹೋಗುತ್ತಿತ್ತು ಅಂದರೆ, ಕೊನೆಗೆ ಅಣ್ಣ ತಮ್ಮನ ಪಕ್ಷ, ತಮ್ಮ ಅಣ್ಣನ ಪಕ್ಷ ಸೇರಿಕೊಂಡು, ಮತ್ತೆ ಒಮ್ಮತ ಇಲ್ಲದೆ ಅಷ್ಟೇ ದೂರದಲ್ಲಿ ನಿಂತಿರುತ್ತಿದ್ದರು ಅಂತ ಆರ್ವಿಲ್ಲೇ ಬರೆದುಕೊಂಡಿದ್ದಾನೆ. ಆ ಜಗಳದಿಂದ ಬಂದ, ಕೈಯಲ್ಲಿ ಕೆತ್ತಿದ ಎಂಟೂವರೆ ಅಡಿಯ ಪ್ರೊಪೆಲರ್‌ಗಳು ಎಂಜಿನ್ನಿನ ಶಕ್ತಿಯ ಮುಕ್ಕಾಲು ಪಾಲನ್ನು ನೂಕುವ ಬಲ ಮಾಡುತ್ತಿದ್ದವು. ಅವನ್ನು ತಿರುಗಿಸುತ್ತಿದ್ದದ್ದು ಸೈಕಲ್ಲಿನಂಥದ್ದೇ ಚೈನು. ಎರಡೂ ಎದುರುಬದುರು ದಿಕ್ಕಿಗೆ ತಿರುಗಲಿ ಅಂತ ಒಂದು ಚೈನನ್ನು ಎಂಟರ ಆಕಾರದಲ್ಲಿ ಅಡ್ಡ ಹಾಯಿಸಿದ್ದರು. ನನ್ನ ಪ್ರಕಾರ ಈ ಪ್ರೊಪೆಲರ್ ಇವರ ಅತಿ ದೊಡ್ಡ ಕೆಲಸ. ಫೋಟೋದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ.

ಡಿಸೆಂಬರ್ 17ರ ಕಥೆ ನಿಮಗೆ ಗೊತ್ತಿರುವುದೇ. ಅವತ್ತಿನ ನಾಲ್ಕನೇ ಹಾರಾಟ 59 ಸೆಕೆಂಡು, 852 ಅಡಿ. ಆಮೇಲೆ ನಿಲ್ಲಿಸಿದ್ದ ವಿಮಾನವನ್ನು ಗಾಳಿ ಎತ್ತಿ ಉರುಳಿಸಿತು. ಹಿಡಿಯಲು ಹೋದ ಫೋಟೋದ ಡೇನಿಯಲ್ಸ್ ತಂತಿಗಳ ನಡುವೆ ಸಿಕ್ಕಿ ಉರುಳಿದ, ಮೂಳೆ ಮುರಿಯದೆ ಉಳಿದ. ಆ ವಿಮಾನ ಮತ್ತೆಂದೂ ಹಾರಲಿಲ್ಲ.

ಆಗಿನ್ನೂ ಅವರಿಗೆ ಆ ವಿಮಾನವನ್ನು ತಿರುಗಿಸಲು ಬರುತ್ತಿರಲಿಲ್ಲ ಅನ್ನುವುದನ್ನು ಮರೆಯುತ್ತೇವೆ. ಅದನ್ನು ಕಲಿತದ್ದು ಡೇಟನ್ ಹೊರಗಿನ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ. ಹೊಲದ ಧಣಿ ಬ್ಯಾಂಕಿನವನು, ಬಾಡಿಗೆ ಬೇಡ ಅಂದ, ಹಾರುವ ಮೊದಲು ದನಕುದುರೆಗಳನ್ನು ಆಚೆ ಹೊಡೆಯಿರಿ ಅಂದ, ಅಷ್ಟೇ. 1904ರ ಸೆಪ್ಟೆಂಬರ್ 20ರಂದು ಮೊದಲ ಸಲ ಪೂರ್ತಿ ಒಂದು ಸುತ್ತು ಹಾರಿ ಬಂದರು. ಅದನ್ನು ಕಣ್ಣಾರೆ ಕಂಡು ಬರೆದವನು ಏಮಸ್ ರೂಟ್, ಜೇನುಸಾಕಣೆಯವನು. ಅವನ ವರದಿ ಅಚ್ಚಾದದ್ದು 1905ರ ಜನವರಿಯಲ್ಲಿ, ಅವನದೇ ಜೇನುಸಾಕಣೆ ಪತ್ರಿಕೆಯಲ್ಲಿ. ದೊಡ್ಡ ಪತ್ರಿಕೆಗಳು ಟ್ರ್ಯಾಮಿನಲ್ಲಿ ಹೋಗಿ ನೋಡಬಹುದಾಗಿದ್ದ ಸುದ್ದಿಯನ್ನು ಬಿಟ್ಟವು, ಜೇನಿನವನು ಹಿಡಿದ. 1905ರ ಜುಲೈನಲ್ಲಿ ಆರ್ವಿಲ್ ಕೆಟ್ಟದಾಗಿ ಬಿದ್ದ ಮೇಲೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಮುಂದಿನ ಪಟ್ಟಿಯನ್ನು ದೊಡ್ಡದು ಮಾಡಿ ಇನ್ನೂ ಮುಂದಕ್ಕೆ ಸರಿಸಿದರು, ಬಾಲಕ್ಕೆ ಬೇರೆ ಹಿಡಿಕೆ ಕೊಟ್ಟರು. ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷ ಆ ಹುಲ್ಲುಗಾವಲಿನ ಮೇಲೆ ಸುತ್ತಿದ, 24 ಮೈಲಿ. ಪೆಟ್ರೋಲ್ ಮುಗಿಯಿತು, ಇಳಿದ. ಕೆಲಸಕ್ಕೆ ಬರುವ ಮೊದಲ ವಿಮಾನ ಅಂದರೆ ಇದು.

ಆಮೇಲೆ ಎರಡೂವರೆ ವರ್ಷ ಹಾರಲೇ ಇಲ್ಲ. ಯಾರಾದರೂ ಕದಿಯುತ್ತಾರೆ ಅಂತ ಭಯ, ಪೇಟೆಂಟು ಬರಲಿ, ಗಿರಾಕಿ ಬರಲಿ ಅಂತ ಕಾದರು. ಅಷ್ಟರಲ್ಲಿ 1906ರಲ್ಲಿ ಬ್ರೆಜಿಲ್ ದೇಶದ ಸ್ಯಾಂಟೋಸ್ ಡ್ಯೂಮೋ ಪ್ಯಾರಿಸ್‌ನಲ್ಲಿ ಜನರ ಎದುರೇ ಹಾರಿದ, 220 ಮೀಟರ್. ಯೂರೋಪಿನವರಿಗೆ ವಿಮಾನ ಕೊಟ್ಟವನು ಅವನೇ ಆದ, ಬ್ರೆಜಿಲ್‌ನವರಿಗೆ ಈಗಲೂ ಅವನೇ. ಆದರೆ ಫ್ರಾನ್ಸಿನ ವಿಮಾನಗಳಿಗೆ ವಾಲುವುದೇ ಗೊತ್ತಿರಲಿಲ್ಲ. ಬಾಲ ತಿರುಗಿಸಿ ಜಾರುತ್ತಾ ತಿರುಗುತ್ತಿದ್ದವು. 1908ರ ಆಗಸ್ಟ್ 8ರಂದು ಲ ಮಾನ್ ಹತ್ತಿರದ ಕುದುರೆ ರೇಸಿನ ಮೈದಾನದಲ್ಲಿ ವಿಲ್ಬರ್ ಎರಡು ನಿಮಿಷವೂ ಹಾರಲಿಲ್ಲ, ಆದರೆ ಹಕ್ಕಿ ಹಾಗೆ ವಾಲಿ ತಿರುಗಿದ. ಬೂಟಾಟಿಕೆಯವರು ಅಂತ ಬರೆದಿದ್ದ ಫ್ರೆಂಚರು ಒಂದೇ ದಿನದಲ್ಲಿ ಮಾತು ಬದಲಿಸಿದರು.

ನೋಡಿದವರಲ್ಲಿ ಲೂಯಿ ಬ್ಲೆರಿಯೋ ಕೂಡ ಇದ್ದ. ಒಂದು ವರ್ಷದೊಳಗೆ, 1909ರ ಜುಲೈ 25ರಂದು, ಅವನು ಇಂಗ್ಲಿಷ್ ಕಾಲುವೆ ದಾಟಿದ. ಎಂಜಿನ್ ಮುಂದೆ, ಬಾಲ ಹಿಂದೆ, ಒಂದೇ ರೆಕ್ಕೆ, ಕೆಳಗೆ ಚಕ್ರ. ಈಗಿನ ಮಕ್ಕಳಿಗೆ ವಿಮಾನ ಬರಿ ಅಂದರೆ ಬರೆಯುವುದು ಇದನ್ನೇ, ರೈಟ್ ವಿಮಾನವನ್ನಲ್ಲ. ವಾಲಲು ರೆಕ್ಕೆ ತಿರುಚುವ ಉಪಾಯ ಮಾತ್ರ ಅದರಲ್ಲೂ ಇತ್ತು. ಮುಂದೆ ತಿರುಚುವುದೂ ಹೋಗಿ ರೆಕ್ಕೆಯ ಅಂಚಿನ ಕೀಲು ಪಟ್ಟಿ ಬಂತು. ರೆಕ್ಕೆ ಪಕ್ಕದ ಕಿಟಕಿ ಸೀಟೇ ಬೇಕು ಅಂತ ನಾನು ಹಠ ಮಾಡುವುದು ಆ ಪಟ್ಟಿ ಅಲುಗುವುದನ್ನು ನೋಡಲು. ಮಲಗಿ ಓಡಿಸುವುದು, ಹಳಿ, ಮುಂದಿನ ಪಟ್ಟಿ, ಚೈನು, ಎಲ್ಲ ಹತ್ತೇ ವರ್ಷದಲ್ಲಿ ಮೂಲೆಗೆ ಬಿದ್ದವು. ಹಿಡಿತ ಮಾತ್ರ ಉಳಿಯಿತು.

ಆ ಹಿಡಿತಕ್ಕಾಗಿಯೇ ಕೋರ್ಟು ಮೆಟ್ಟಿಲು ಹತ್ತಿದರು. ಅಮೆರಿಕದಲ್ಲೇ ವಿಮಾನ ಮಾಡುತ್ತಿದ್ದ ಗ್ಲೆನ್ ಕರ್ಟಿಸ್ ಮೇಲೆ ಕೇಸು, ಹೊರದೇಶದವರ ಮೇಲೆ ಕೇಸು. ಮೊದಲಿನಿಂದ ಬೆನ್ನು ತಟ್ಟಿದ್ದ ಹಿರಿಯ ಎಂಜಿನಿಯರ್ ಆಕ್ಟೇವ್ ಶನೂಟ್ ಇದು ಸರಿಯಲ್ಲ ಅಂದದ್ದಕ್ಕೆ ಅವರ ಸ್ನೇಹವೂ ಕೆಟ್ಟಿತು. ವಿಲ್ಬರ್ 1912ರಲ್ಲಿ, 45ನೇ ವಯಸ್ಸಿಗೆ ಟೈಫಾಯ್ಡ್‌ನಿಂದ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಅವನು ಹೊಸದೇನನ್ನೂ ಮಾಡಲಿಲ್ಲ, ವಕೀಲರಿಗೆ ಪತ್ರ ಬರೆದ. ಅಂಥ ತಲೆ ಅದರಲ್ಲಿ ಸವೆದದ್ದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅದರ ಪೈಲಟ್‌ಗಳು ಹೋರಾಡಿದ್ದು ಹೆಚ್ಚಾಗಿ ಫ್ರೆಂಚ್ ವಿಮಾನಗಳಲ್ಲಿ.

1914ರಲ್ಲಿ ಸ್ಮಿತ್ಸೋನಿಯನ್ ಲ್ಯಾಂಗ್ಲಿಯ ಹಳೆಯ ವಿಮಾನವನ್ನು ಅದೇ ಕರ್ಟಿಸ್ ಕೈಯಲ್ಲಿ ರಿಪೇರಿ ಮಾಡಿಸಿ, ಅಲ್ಲಲ್ಲಿ ಬದಲಿಸಿ, ಸ್ವಲ್ಪ ಹಾರಿಸಿ, ಮನುಷ್ಯ ಹಾರಬಲ್ಲ ಮೊದಲ ವಿಮಾನ ಇದೇ ಅಂತ ಪ್ರದರ್ಶನಕ್ಕಿಟ್ಟಿತು. ಆರ್ವಿಲ್ ಸಿಟ್ಟಾಗಿ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕಳಿಸಿಬಿಟ್ಟ. ಸ್ಮಿತ್ಸೋನಿಯನ್ ತಪ್ಪು ಒಪ್ಪಿಕೊಂಡದ್ದು 1942ರಲ್ಲಿ. ವಿಮಾನ ವಾಪಸ್ ಬಂದದ್ದು 1948ರಲ್ಲಿ, ಆರ್ವಿಲ್ ಸತ್ತ ಮೇಲೆ. ಆಗ ಮನೆಯವರು ಸ್ಮಿತ್ಸೋನಿಯನ್ ಜೊತೆ ಒಂದು ಕರಾರು ಬರೆಸಿಕೊಂಡರು. ಇದಕ್ಕಿಂತ ಹಿಂದಿನ ಯಾವುದೇ ವಿಮಾನ ತನ್ನದೇ ಶಕ್ತಿಯಿಂದ, ಹಿಡಿತದಲ್ಲಿ, ಮನುಷ್ಯನನ್ನು ಹೊತ್ತು ಹಾರಬಲ್ಲದ್ದಾಗಿತ್ತು ಅಂತ ಸಂಸ್ಥೆ ಎಲ್ಲಾದರೂ ಹೇಳಿದರೆ ವಿಮಾನ ವಾಪಸ್ ಕೊಡಬೇಕು. ಆ ‘ಹಿಡಿತದಲ್ಲಿ’ ಅನ್ನುವುದನ್ನು ಬಿಡದೆ ಸೇರಿಸಿದ್ದಾರೆ ನೋಡಿ.